ಸೋಪು ಹಚ್ಚಿದ ಮೇಲೆ

ನಮ್ಮೂರಿನ ಗಂಡಸರಿಗೆ ದಿನಕ್ಕೊಂದು ಮುಷ್ಟಿ ಗಡ್ಡ ಬೆಳೆಯುತ್ತದೆ. ಬೆಳಿಗ್ಗೆ ಬೋಳಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆನ್ನೆ ಕಪ್ಪಗಾಗಿರುತ್ತದೆ, ಸಂಜೆಗೆ ಬೆರಳಿಗೆ ಸಿಕ್ಕುವಷ್ಟು ಬಂದಿರುತ್ತದೆ, ಮಾರನೆಯ ದಿನ ಏಳುವಾಗ ಎದೆ ಮುಟ್ಟಿರುತ್ತದೆ. ಪರಊರಿನವರು ಇದನ್ನು ಕಂಡು ಹೌಹಾರುತ್ತಾರೆ. ನಾವು ಹುಟ್ಟಿದಾಗಿನಿಂದ ನೋಡಿದವರು. ನಮಗೆ ಬೇರೆ ಊರಿನ ಗಂಡಸರೇ ವಿಚಿತ್ರವಾಗಿ ಕಾಣುತ್ತಾರೆ. ರಾತ್ರಿ ಮಲಗಿ ಬೆಳಿಗ್ಗೆ ಅದೇ ಮುಖ ಹೊತ್ತು ಏಳುವವರು ಏನು ತಿಂದು ಬದುಕುತ್ತಾರೋ ಎಂದು ನನ್ನ ಅತ್ತೆ ಮರುಗುತ್ತಿದ್ದರು.

ಇಷ್ಟೊಂದು ಗಡ್ಡಕ್ಕೆ ಕ್ಷೌರದ ಅಂಗಡಿಗಳು ಎಲ್ಲಿ ಸಾಲಬೇಕು? ಅದಕ್ಕೇ ನಮ್ಮಲ್ಲಿ ಕ್ಷೌರದ ಕತ್ತಿ ಹೆಂಗಸರ ಕೈಯಲ್ಲಿರುತ್ತದೆ. ನಿಕಾಹ್ ಆದ ಮಾರನೆಯ ಬೆಳಿಗ್ಗೆ ಮದುಮಗಳು ಮದುಮಗನ ಕೆನ್ನೆಗೆ ಸೋಪು ಹಚ್ಚಿ ಬೋಳಿಸುತ್ತಾಳೆ. ಎರಡೂ ಕಡೆಯ ನೆಂಟರು ಉಸಿರು ಬಿಗಿಹಿಡಿದು ನೋಡುತ್ತಾರೆ. ರಕ್ತ ಬಾರದಿದ್ದರೆ ಸಕ್ಕರೆ ಹಂಚುತ್ತಾರೆ. ಅಲ್ಲಿಂದ ಮುಂದೆ ಸಾಯುವತನಕ ಪ್ರತಿ ಬೆಳಿಗ್ಗೆ ಅದೇ ಕೆಲಸ. ಇದಕ್ಕೊಂದು ಕಟ್ಟಳೆಯಿದೆ: ಸೋಪು ಹಚ್ಚಿದ ಮೇಲೆ ಗಂಡಸು ಬಾಯಿ ಬಿಡುವಂತಿಲ್ಲ. ಹೆಂಗಸು ಏನು ಹೇಳಿದರೂ ಕೇಳಿಸಿಕೊಳ್ಳಬೇಕು. ಉಪ್ಪು ಮುಗಿದಿದೆ ಎನ್ನುವುದರಿಂದ ಹಿಡಿದು ನಿಮ್ಮ ಅಕ್ಕ ಮೊನ್ನೆ ಆಡಿದ ಮಾತು ಸರಿಯಲ್ಲ ಎನ್ನುವವರೆಗೆ ಎಲ್ಲವನ್ನೂ ನಾವು ಆ ಅರ್ಧ ಗಂಟೆಯಲ್ಲೇ ಹೇಳಿ ಮುಗಿಸುತ್ತಿದ್ದೆವು. ಗಂಟಲ ಮೇಲೆ ಕತ್ತಿ ಇರುವಾಗ ಎಂಥ ಸಿಡುಕನೂ ತಾಳ್ಮೆಯಿಂದ ಕೇಳುತ್ತಾನೆ. ನಮ್ಮೂರಿನಲ್ಲಿ ತಲಾಖ್ ಆಗುವುದು ಕಡಿಮೆ. ಅದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ನನ್ನ ಹೆಸರು ಜೈತುನಬಿ. ನಮ್ಮ ಮನೆಯವರು ಲಾಡ್ಲೇಸಾಬ್, ಪೇಟೆ ಬೀದಿಯ ರೊಟ್ಟಿ ಭಟ್ಟಿಯವರು. ಮಾತು ಕಡಿಮೆ, ಸುಳ್ಳು ಅದಕ್ಕಿಂತ ಕಡಿಮೆ. ಸುಳ್ಳು ಹೇಳಬಾರದೆಂದಲ್ಲ, ಹೇಳಲು ಬರುವುದಿಲ್ಲ. ಹಳಸಿದ ರೊಟ್ಟಿಯನ್ನು ತಾಜಾ ಎಂದು ಹೇಳಲು ಹೋಗಿ ಕಿವಿ ಕೆಂಪಗೆ ಮಾಡಿಕೊಂಡು ಪುಕ್ಕಟೆ ಕೊಟ್ಟು ಕಳಿಸಿದವರು.

ಪಡೆಯವರು ಬಂದದ್ದು ನಾವೇ ಕರೆದದ್ದಕ್ಕೆ. ಅವರಿಗೆ ದೊಡ್ಡದೊಂದು ಹೆಸರಿತ್ತು, ಒಂದು ಉಸಿರಿನಲ್ಲಿ ಹೇಳಲಾಗದಷ್ಟು ಉದ್ದದ್ದು. ನಾವು ಪಡೆ ಎಂದೇ ಕರೆದೆವು. ಆ ಕಾಲದಲ್ಲಿ ಸುಂಕದವರ ಲೂಟಿ ವಿಪರೀತವಾಗಿತ್ತು. ಗುಡ್ಡದ ದಾರಿಯಲ್ಲಿ ದರೋಡೆಯವರು ಗೋಧಿ ಬಂಡಿಗಳನ್ನು ಬಿಡುತ್ತಿರಲಿಲ್ಲ. ಪಡೆಯವರು ಪಿಕಪ್ ಗಾಡಿಗಳಲ್ಲಿ ಬಂದು ಸುಂಕದವರನ್ನು ಓಡಿಸಿದರು, ದರೋಡೆಯವರನ್ನು ಪೇಟೆಯ ಕಂಬಕ್ಕೆ ಕಟ್ಟಿದರು, ಒಬ್ಬ ವಿಧವೆಯ ಕುರಿಗಳನ್ನು ತಂದು ಹಟ್ಟಿಗೆ ಬಿಟ್ಟರು. ಊರಿಗೆ ಊರೇ ಶರಬತ್ತು ಹಂಚಿತು. ನಾನೂ ಒಂದು ತಟ್ಟೆ ರೊಟ್ಟಿ ಕಳಿಸಿದೆ. ನಮ್ಮ ಮಸೀದಿಯ ಮುದುಕ ಇಮಾಮರು, ಬಡೇಮಿಯಾ ಎಂದು ಕರೆಯುವವರು, ಒಬ್ಬರೇ ಗೊಣಗಿದರು.

"ಕಳ್ಳನ್ನ ಹಿಡದವರು ಕೆಲಸ ಮುಗಿಸಿ ಮನಿಗೆ ಹೋಗಬೇಕಲ್ಲ. ಇವರು ನೋಡಿದ್ರ ಚಾಪಿ ಹಾಸಾಕತ್ತಾರ."

ಅವರು ಬರೀ ಚಾಪೆ ಹಾಸಲಿಲ್ಲ, ಬೀದಿಗೊಂದರಂತೆ ಲೌಡ್‌ಸ್ಪೀಕರು ಕಟ್ಟಿದರು. ಮೊದಲು ಗಾಳಿಪಟ ಹಾರಿಸಬಾರದೆಂದು ಸಾರಿದರು. ಗಾಳಿಪಟ ಹಾರಿಸದವರು ಅದಕ್ಕೆ ಯಾಕೆ ಅಳಬೇಕು? ಆಮೇಲೆ ಮದುವೆಯಲ್ಲಿ ಡೋಲು ಬೇಡವೆಂದರು. ಆ ವರ್ಷ ಮದುವೆಯಿಲ್ಲದ ಮನೆಯವರು ಸುಮ್ಮನಿದ್ದರು. ಹೆಣ್ಣುಮಕ್ಕಳ ಶಾಲೆಗೆ ಬೀಗ ಬಿತ್ತು. ಗಂಡುಮಕ್ಕಳ ತಾಯಂದಿರು ಸುಮ್ಮನಿದ್ದರು. ಸಿಳ್ಳೆ ಹಾಕಬಾರದೆಂದರು. ಜನರೇಟರ್ ನೋಡಿಕೊಳ್ಳುತ್ತಿದ್ದ ದಾದಾಪೀರನಿಗೆ ಕೆಲಸ ಮಾಡುವಾಗ ಸಿಳ್ಳೆ ಹಾಕುವ ಚಾಳಿ, ಅವನನ್ನು ಹಿಡಿದು ಶಾಲೆಯಲ್ಲಿ ಕೂಡಿಹಾಕಿದರು. ಹೀಗೆ ಪ್ರತಿಯೊಂದು ಕಟ್ಟಪ್ಪಣೆಯೂ ಇನ್ನೊಬ್ಬರ ಮನೆಯದು ಎಂದು ನಾವು ಅಂದುಕೊಂಡೆವು. ಇರಲಾರದೆ ಇರುವೆ ಬಿಟ್ಟುಕೊಂಡೆವೆಂದು ಗೊತ್ತಾಗುವ ಹೊತ್ತಿಗೆ ಇರುವೆ ಮೈತುಂಬ ಹತ್ತಿತ್ತು.

ಒಂದು ಶುಕ್ರವಾರ ಲೌಡ್‌ಸ್ಪೀಕರು ಗಡ್ಡದ ಮಾತು ತೆಗೆಯಿತು. ಇನ್ನು ಮುಂದೆ ಯಾರೂ ಗಡ್ಡಕ್ಕೆ ಕತ್ತಿ ತಾಗಿಸುವಂತಿಲ್ಲ. ತಾಗಿಸಿದ ಕೈಯನ್ನು ಕಡಿಯಲಾಗುವುದು. ಪಡೆಯ ಅಮೀರ, ಎಂದರೆ ಮುಖಂಡ, ಅಬೂ ಸಮ್ಸಾಮ್ ಎಂದು ಹೆಸರಿಟ್ಟುಕೊಂಡವನು, ನಮ್ಮೂರಿಗೆ ಬಂದ ಮೇಲೆ ತನ್ನ ಗಡ್ಡವೂ ಹುಲುಸಾಗಿ ಬೆಳೆದದ್ದನ್ನು ಕಂಡು ಹಿಗ್ಗಿಹೋಗಿದ್ದ. ಇದು ದೇವರೇ ಆರಿಸಿಕೊಂಡ ಊರು, ಇಲ್ಲಿನ ಮಣ್ಣೇ ಪಾಕ್, ಪವಿತ್ರ ಎಂದು ಭಾಷಣ ಮಾಡಿದ. ಬಡೇಮಿಯಾ ಎದ್ದುನಿಂತು, ಮುಷ್ಟಿಗಿಂತ ಹೆಚ್ಚಾದದ್ದನ್ನು ಕತ್ತರಿಸಬಹುದೆಂದು ದೊಡ್ಡವರು ಹೇಳಿದ್ದಾರೆ, ತಾನು ಐವತ್ತು ವರ್ಷದಿಂದ ಹಾಗೇ ಮಾಡುತ್ತ ಬಂದಿದ್ದೇನೆ ಎಂದರು. ಯಾರ ಮುಷ್ಟಿ ಎಂದು ಅಮೀರನ ಬಲಗೈ ಬಂಟ ಉಜೈರ್ ಕೇಳಿದ. ನನ್ನ ಹೆಂಡತಿಯದು ಎಂದರು ಬಡೇಮಿಯಾ. ಅವರಿಗೆ ಮಾರನೆಯ ದಿನದಿಂದ ನಮಾಜು ನಡೆಸಲು ಬಿಡಲಿಲ್ಲ.

ಮೊದಲ ವಾರ ಗಂಡಸರು ಗಡ್ಡವನ್ನು ಅಂಗಿಯೊಳಗೆ ಸೇರಿಸಿದರು. ಎರಡನೆಯ ವಾರ ಸೊಂಟಕ್ಕೆ ಸುತ್ತಿದರು. ದರ್ಜಿ ಅಂಗಡಿಯವರು ಗಡ್ಡದ ಚೀಲ ಹೊಲಿದು ಮಾರಿದರು, ಕುತ್ತಿಗೆಗೆ ಹಾಕಿಕೊಳ್ಳುವಂಥದ್ದು, ಹಬ್ಬಕ್ಕೆ ಜರಿ ಅಂಚಿನದು. ತಿಂಗಳು ತುಂಬುವ ಹೊತ್ತಿಗೆ ಚೀಲಗಳೂ ಸಾಲದಾದವು. ನಮ್ಮ ನೆರೆಮನೆಯಾತ ಜಗುಲಿಯ ಮೇಲೆ ಕಣ್ಣು ಮುಚ್ಚಿದ್ದಾಗ ಆಡು ಬಂದು ಅವನ ಗಡ್ಡದ ತುದಿ ತಿಂದಿತು. ಪಡೆಯವರು ಬಂದು ಆಡನ್ನು ಹಿಡಿದುಕೊಂಡು ಹೋದರು. ಮಸೀದಿಯಲ್ಲಿ ಹಿಂದಿನ ಸಾಲಿನವರ ಗಡ್ಡ ಮುಂದಿನ ಸಾಲಿನವರ ಹಿಮ್ಮಡಿಯ ಕೆಳಗೆ ಸಿಕ್ಕಿ ಏಳಲಾಗದೆ, ಕೊನೆಗೆ ಸಾಲುಗಳನ್ನು ದೂರ ದೂರ ಹಾಕಿದರು. ಅರ್ಧ ಊರು ಹೊರಗೆ ಬಿಸಿಲಿನಲ್ಲಿ ನಮಾಜು ಮಾಡಿತು. ಹೆಂಗಸರು ಮನೆಯಿಂದ ಹೊರಗೆ ಬರಬಾರದೆಂಬ ಅಪ್ಪಣೆಯೂ ಇತ್ತು, ಆದರೆ ಗಡ್ಡ ಹೊತ್ತು ಬಾವಿಗೆ ಬಗ್ಗುವುದು ಗಂಡಸರ ಕೈಲಿ ಆಗುತ್ತಿರಲಿಲ್ಲವಾದ್ದರಿಂದ ನೀರಿಗೆ ನಾವೇ ಹೋಗುತ್ತಿದ್ದೆವು. ಪಡೆಯವರು ಕಂಡೂ ಕಾಣದಂತೆ ಇರುತ್ತಿದ್ದರು. ನೀರು ಅವರಿಗೂ ಬೇಕಿತ್ತು.

ನಗುವುದಕ್ಕೆ ಇವೆಲ್ಲ ಚೆನ್ನಾಗಿದ್ದವು. ಆದರೆ ಬೆಳಗಿನ ಅರ್ಧ ಗಂಟೆ ಹೋಯಿತಲ್ಲ, ಅದು ನನಗೆ ಬಹಳ ನೋವು ಕೊಟ್ಟಿತು. ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಹುಳಿಯಿತು. ಬಾಯಿ ಬಿಡಬಲ್ಲ ಗಂಡಸಿಗೆ ಏನು ಹೇಳಿದರೂ ಜಗಳವಾಗುತ್ತಿತ್ತು. ಮನೆಮನೆಯಲ್ಲಿ ಪಾತ್ರೆ ಬೀಳುವ ಸದ್ದು. ನಾನೂ ನಮ್ಮವರೂ ಮದುವೆಯಾದ ಮೇಲೆ ಮೊದಲ ಸಲ ಎರಡು ದಿನ ಮಾತು ಬಿಟ್ಟೆವು, ಅದೂ ಉಳ್ಳಾಗಡ್ಡಿಯ ವಿಷಯಕ್ಕೆ.

ಅಂಥ ಒಂದು ಮಧ್ಯಾಹ್ನ ಭಟ್ಟಿಯಿಂದ ಕೂಗು ಕೇಳಿತು. ಓಡಿಹೋಗಿ ನೋಡಿದರೆ ನಮ್ಮವರ ಗಡ್ಡದ ಚೀಲಕ್ಕೆ ಕಿಡಿ ಬಿದ್ದು ಹೊಗೆಯಾಡುತ್ತಿತ್ತು, ಅವರು ಹಿಟ್ಟಿನ ಕೊಪ್ಪರಿಗೆಯಲ್ಲಿ ಮುಖ ಮುಳುಗಿಸಿದ್ದರು. ಗಲ್ಲದ ಕೆಳಗೆ ಬೊಬ್ಬೆ ಎದ್ದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ, ಇಲ್ಲಿ ಊರಿನ ಹೊಟ್ಟೆಯ ಹಿಟ್ಟೇ ಗಡ್ಡ ಆರಿಸಲು ಹೋಯಿತು. ನಾನು ಬಾಗಿಲು ಹಾಕಿ, ಪೆಟ್ಟಿಗೆಯಿಂದ ಕತ್ತಿ ತೆಗೆದು ಸಾಣೆ ಹಿಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ನಾನು ಸೋಪು ಹಚ್ಚಿಬಿಟ್ಟೆ. ಹಚ್ಚಿದ ಮೇಲೆ ಅವರು ಏನೂ ಹೇಳುವಂತಿರಲಿಲ್ಲ. ಆ ಅರ್ಧ ಗಂಟೆ ಉಳ್ಳಾಗಡ್ಡಿಯಿಂದ ಶುರುಮಾಡಿ ತಿಂಗಳ ಮಾತನ್ನೆಲ್ಲ ಹೇಳಿ ಮುಗಿಸಿದೆ. ಕೊನೆಗೆ ಅವರು ನಕ್ಕರು, ನಾನು ಅತ್ತುಬಿಟ್ಟೆ.

ಬೋಳಿಸಿದ ಗಡ್ಡವನ್ನು ಬಟ್ಟೆಯ ಪಟ್ಟಿಗೆ ಹೊಲಿದು, ಕಿವಿಗೆ ಸಿಕ್ಕಿಸಿಕೊಳ್ಳಲು ದಾರ ಕಟ್ಟಿ ಕೊಟ್ಟೆ. ಭಟ್ಟಿಯ ಮುಂದೆ ತೆಗೆಯುವುದು, ಬೀದಿಗೆ ಬರುವಾಗ ಹಾಕಿಕೊಳ್ಳುವುದು. ಪಡೆಯವರು ವಾರಕ್ಕೊಮ್ಮೆ ಕೋಲು ಹಿಡಿದು ಗಡ್ಡ ಅಳೆಯುತ್ತಿದ್ದರು. ಅದಕ್ಕೂ ನಾನು ತಯಾರಾಗಿದ್ದೆ. ಪ್ರತಿ ಬೆಳಿಗ್ಗೆ ಬೋಳಿಸಿದ ಹೊಸ ಮುಷ್ಟಿಯನ್ನು ಹಳೆಯದರ ತುದಿಗೆ ಹೊಲಿದು ಉದ್ದ ಮಾಡುತ್ತಿದ್ದೆ. ಅಳತೆ ಸರಿಯಾಗಿ ಬಂತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆದರೆ ಈದ್ ಬಂತು. ಎಲ್ಲರಂತೆ ನಮ್ಮವರ ಗಡ್ಡದ ತುದಿಗೂ ಮೆಹಂದಿ ಹಚ್ಚಿದೆ. ಆಮೇಲೆ ದಿನದಿನವೂ ಎಂದಿನಂತೆ ತುದಿಗೆ ಹೊಲಿದೆ. ಊರಿನ ಗಂಡಸರ ಗಡ್ಡಗಳಲ್ಲಿ ಕೆಂಪು ಕೊನೆಯಲ್ಲೇ ಇತ್ತು. ನಮ್ಮವರದ್ದರಲ್ಲಿ ಕೆಂಪಿನ ಕೆಳಗೆ ಮತ್ತೆ ಎರಡು ಮೊಳ ಕಪ್ಪು. ಗಡ್ಡ ಬೇರಿನಿಂದ ಬೆಳೆಯುತ್ತದೆ, ತುದಿಯಿಂದಲ್ಲ. ಇಪ್ಪತ್ತು ವರ್ಷ ಗಡ್ಡ ಬೋಳಿಸಿದವಳಿಗೆ ಇಷ್ಟು ಹೊಳೆಯಲಿಲ್ಲ. ಉಜೈರನಿಗೆ ಹೊಳೆಯಿತು. ಅವನು ಗಡ್ಡ ಹಿಡಿದು ಮೆಲ್ಲಗೆ ಜಗ್ಗಿದ, ಇಡೀ ಗಡ್ಡ ಅವನ ಕೈಗೆ ಬಂತು.

ವಿಚಾರಣೆ ಧಾನ್ಯದ ಶೆಡ್ಡಿನಲ್ಲಿ ನಡೆಯಿತು. ನನ್ನ ಕತ್ತಿಯನ್ನು ಮೇಜಿನ ಮೇಲಿಟ್ಟಿದ್ದರು. ಬೋಳಿಸಿದವರು ಯಾರು ಎಂದು ಉಜೈರ್ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಎದ್ದುನಿಂತು, ತಾನೇ ಬೋಳಿಸಿಕೊಂಡೆ ಎಂದರು. ಕಿವಿ ಕೆಂಪಗಾದವು. ಉಜೈರ್ ಸೋಪು, ನೀರು, ಕತ್ತಿ ಮುಂದಿಟ್ಟು, ಹಾಗಾದರೆ ಮಾಡಿ ತೋರಿಸು ಎಂದ. ಆ ಮನುಷ್ಯ ಜನ್ಮದಲ್ಲಿ ಕ್ಷೌರದ ಕತ್ತಿ ಹಿಡಿದವರಲ್ಲ. ಚಪಾತಿ ಮಗುಚುವವರಂತೆ ಹಿಡಿದರು. ಮೊದಲ ಏಟಿಗೇ ಕೆನ್ನೆ ಕೊಯ್ದಿತು. ಮತ್ತೆ ಗಲ್ಲ. ಮತ್ತೆ ಕಿವಿಯ ಬುಡ. ರಕ್ತ ಅಂಗಿಗೆ ಇಳಿಯುತ್ತಿದ್ದರೂ ಬಿಡದೆ, ದಿನಾ ಹೀಗೇ ಮಾಡೂದು ನಾನು ಎನ್ನುತ್ತ ಬೋಳಿಸುತ್ತಲೇ ಇದ್ದರು. ನನಗೆ ನೋಡಲಾಗಲಿಲ್ಲ. ಹೋಗಿ ಕತ್ತಿ ಕಸಿದುಕೊಂಡು ಉಳಿದದ್ದನ್ನು ನಾಲ್ಕು ಎಳೆತದಲ್ಲಿ ನುಣ್ಣಗೆ ಮಾಡಿದೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಶುಕ್ರವಾರ ನಮಾಜಿನ ನಂತರ ಗಿರಣಿಯ ಮುಂದೆ ನನ್ನ ಬಲಗೈ ಕಡಿಯಬೇಕೆಂದು ತೀರ್ಪಾಯಿತು.

ಶಾಲೆಯ ಕೋಣೆಯಲ್ಲಿ ಕೂಡಿಹಾಕಿದರು. ಕಪ್ಪು ಹಲಗೆಯ ಮೇಲೆ ಯಾವುದೋ ಹುಡುಗಿ ಬರೆದ ಮಗ್ಗಿ ಇನ್ನೂ ಇತ್ತು. ನಾನು ನನ್ನ ಕೈ ನೋಡುತ್ತ ಕುಳಿತೆ. ಹೆಬ್ಬೆರಳಿನಲ್ಲಿ ಭಟ್ಟಿಯ ಸುಟ್ಟ ಕಲೆ, ಉಗುರಿನ ಸಂದಿಯಲ್ಲಿ ಹಿಟ್ಟು. ಈ ಕೈ ಹೋದರೆ ಹಿಟ್ಟು ನಾದುವುದು ಹೇಗೆ ಎಂದು ಮೊದಲು ಯೋಚನೆ ಬಂತು. ಆಮೇಲೆ ಇನ್ನೊಂದು: ನಾಳೆಯಿಂದ ಅವರ ಮುಖ ಬೋಳಿಸುವವರು ಯಾರು, ನಾನು ಮಾತಾಡುವುದು ಯಾವಾಗ. ಧೈರ್ಯವಾಗಿದ್ದೆ ಎಂದು ಹೇಳಿದರೆ ಅದು ಸುಳ್ಳಾದೀತು.

ಶುಕ್ರವಾರ ಗಿರಣಿಯ ಮುಂದೆ ಜನ ಸೇರಿದರು. ನಮ್ಮವರನ್ನು ಇಬ್ಬರು ಹಿಡಿದು ನಿಲ್ಲಿಸಿದ್ದರು. ಕಡಿಯುವ ಕೆಲಸವನ್ನು ಕಸಾಯಿ ಪಾಚ್ಛಾಸಾಬನಿಗೆ ಒಪ್ಪಿಸಿದ್ದರು. ಅವನು ನನ್ನ ತಮ್ಮನ ಗೆಳೆಯ. ಗಡ್ಡ ಅಡ್ಡ ಬರುತ್ತದೆ, ಕೊರಡು ಯಾವುದು ಕೈ ಯಾವುದು ಕಾಣುವುದಿಲ್ಲ ಎಂದು ಅವನು ಗಡ್ಡವನ್ನು ಬೆನ್ನಿಗೆ ಹಾಕಿ ಕಟ್ಟುತ್ತಲೇ ಇದ್ದ, ಬಿಚ್ಚುತ್ತಲೇ ಇದ್ದ. ಮೇಜಿನ ಮೇಲೆ ಸಾಕ್ಷಿಗೆಂದು ನನ್ನ ಕತ್ತಿ, ಪಕ್ಕದಲ್ಲಿ ಸೋಪು. ಲೌಡ್‌ಸ್ಪೀಕರಿಗೆಂದು ಜನರೇಟರ್ ಗುಡುಗುಡು ಎನ್ನುತ್ತಿತ್ತು. ಅಮೀರ ಬಂದ. ಅವನ ಗಡ್ಡವನ್ನು ದಿಂಬಿನ ಮೇಲಿಟ್ಟು ಇಬ್ಬರು ಹೊತ್ತು ತರುತ್ತಿದ್ದರು. ಮೈಕು ಕೈಗೆ ತೆಗೆದುಕೊಂಡು ಭಾಷಣ ಶುರುಮಾಡಿದ.

ಆಷಾಢದ ಗಾಳಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಒಂದು ಸಲ ಬೀಸಿದ್ದೇ ದಿಂಬಿನ ಮೇಲಿನ ಗಡ್ಡ ಹಾರಿ ಜನರೇಟರಿನ ಬೆಲ್ಟಿಗೆ ಹೋಗಿ ಬಿತ್ತು. ಬೆಲ್ಟು ಅದನ್ನು ಸುತ್ತಿಕೊಳ್ಳಲು ಶುರುಮಾಡಿತು. ಅಮೀರ ಮೈಕಿನ ಸಮೇತ ಹಿಂದಕ್ಕೆ ಸರಿದ, ಕುಳಿತ, ಮಲಗಿದ. ಅವನ ಗಲ್ಲ ಗಾಲಿಗೆ ಮೊಳ ದೂರದಲ್ಲಿತ್ತು. ಜನರೇಟರ್ ನಿಲ್ಲಿಸಿ ಎಂದು ಯಾರೋ ಕೂಗಿದರು. ನಿಲ್ಲಿಸಲು ಗೊತ್ತಿದ್ದವನು ದಾದಾಪೀರನೊಬ್ಬನೇ. ಅವನು ಸಿಳ್ಳೆ ಹಾಕಿದ ತಪ್ಪಿಗೆ ಒಳಗಿದ್ದ. ಗುಂಡು ಹೊಡೆದು ನಿಲ್ಲಿಸಲು ಹೋದ ಪಡೆಯವನ ಬಂದೂಕಿನ ಬೋಲ್ಟಿಗೆ ಅವನದೇ ಗಡ್ಡ ಸಿಕ್ಕಿತು. ಗಡ್ಡ ಕತ್ತರಿಸಿ ಎಂದರೆ ಯಾರೂ ಮುಂದೆ ಬರಲಿಲ್ಲ. ಉಜೈರನ ಮುಖ ಎಲ್ಲರೂ ನೋಡಿದರು.

"ಅಮೀರರ ಅಪ್ಪಣಿ ಬೇಕು," ಎಂದ ಉಜೈರ್. "ಅಪ್ಪಣಿ ಇಲ್ಲದ ನಾ ಹೆಂಗ ಕೈ ಹಚ್ಚಲಿ?"

ಕಡಿಯಲು ಅನುಕೂಲವಾಗಲೆಂದು ನನ್ನ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿದ್ದರು. ನಾನು ಮೇಜಿನ ಮೇಲಿನ ಕತ್ತಿ ತೆಗೆದುಕೊಂಡು ಹೋಗಿ ಅಮೀರನ ಪಕ್ಕ ಮಂಡಿಯೂರಿದೆ. ಅವನ ಕಣ್ಣುಗುಡ್ಡೆಗಳು ಹೊರಗೆ ಬಂದಿದ್ದವು. ಮೈಕು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

"ಅಮೀರಸಾಬ್, ಗಡ್ಡ ಬೋಳಿಸೂದು ಗುನ್ಹೆ ಹೌದೋ, ಅಲ್ಲೋ?"

"ಅಲ್ಲ," ಎಂದ.

"ಬೋಳಿಸಿದ ಕೈ ಕಡೀಬೇಕೋ, ಬ್ಯಾಡೋ?"

"ಬ್ಯಾಡವ್ವಾ. ಯಾರ ಕೈನೂ ಬ್ಯಾಡ. ಮೊದಲ ಇದನ್ನ ಕೊಯ್ಯಿ."

ಬೀದಿಗೊಂದರಂತೆ ಕಟ್ಟಿದ ಲೌಡ್‌ಸ್ಪೀಕರುಗಳೆಲ್ಲ ಈ ಮಾತನ್ನು ಊರಿಗೆಲ್ಲ ಕೇಳಿಸಿದವು. ನಾನು ಒಂದೇ ಎಳೆತಕ್ಕೆ ಕೊಯ್ದೆ. ಅವನು ಹೌದು, ಗುನ್ಹೆ ಎಂದಿದ್ದರೂ ನಾನು ಕೊಯ್ಯುತ್ತಿದ್ದೆ. ಎದುರಿಗೆ ಒಬ್ಬ ಗಾಲಿಗೆ ಸಿಕ್ಕಿ ಸಾಯುವುದನ್ನು ನೋಡುವ ಗಟ್ಟಿತನ ನನಗಿಲ್ಲ. ಆದರೆ ಅದನ್ನು ಅವನಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಅರ್ಧ ಕೊಯ್ದ ಗಡ್ಡದಲ್ಲಿ ಅವನು ಆಡು ಮೇಯ್ದ ಬೇಲಿಯಂತೆ ಕಾಣುತ್ತಿದ್ದ. ಹಾಗೆ ಕಳಿಸುವುದು ನಮ್ಮೂರಿನ ಮರ್ಯಾದೆಯಲ್ಲ. ಪಾಚ್ಛಾಸಾಬ ಕೈ ಇಡಲೆಂದು ತಂದ ಕೊರಡಿನ ಮೇಲೆ ಅವನನ್ನು ಕೂರಿಸಿ ಸೋಪು ಹಚ್ಚಿದೆ. ಸೋಪು ಹಚ್ಚಿದ ಮೇಲೆ ಅವನಿಗೂ ಅದೇ ಕಟ್ಟಳೆ. ಆ ಅರ್ಧ ಗಂಟೆ ನಾನು ಮಾತಾಡಿದೆ. ಬೈಯಲಿಲ್ಲ. ಭಟ್ಟಿಗೆ ಗೋಧಿ ಬಂದಿಲ್ಲ ಎಂದೆ. ಶಾಲೆಯ ಹಲಗೆಯ ಮೇಲೆ ಮಗ್ಗಿ ಏಳಕ್ಕೇ ನಿಂತಿದೆ ಎಂದೆ. ನೀನು ಎಲ್ಲಿದ್ದೀ ಎಂದು ನಿಮ್ಮ ತಾಯಿಗೆ ಗೊತ್ತಿದೆಯೇ ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಮೈಕು ಆರಿಸಲು ಯಾರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ಮನೆಮನೆಗಳಿಂದ ಹೆಂಗಸರು ಸೋಪು, ಕತ್ತಿ ಹಿಡಿದು ಹೊರಗೆ ಬಂದಿದ್ದರು. ಗಂಡಸರು ಕಂಡಕಂಡ ಕಟ್ಟೆಯ ಮೇಲೆ ಸಾಲಾಗಿ ಕುಳಿತರು. ಪಡೆಯ ಹುಡುಗರೂ ಒಬ್ಬೊಬ್ಬರಾಗಿ ಬಂದೂಕು ಗೋಡೆಗೆ ಒರಗಿಸಿ ಬಂದು ಕೂತರು.

ನೊರೆ ಒರೆಸಿದಾಗ ಅಬೂ ಸಮ್ಸಾಮನ ಮುಖ ಹೊರಬಂತು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಗಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕ ಗಲ್ಲ, ಅದರ ಮೇಲೊಂದು ಮೊಡವೆ. ಇವನಿಗಾ ಹೆದರಿದ್ದು ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಉಜೈರ್ ಮಾತ್ರ ಸೋಪು ಹಚ್ಚಿಸಿಕೊಳ್ಳಲಿಲ್ಲ. ಬೋಳಿಸಿಕೊಂಡವನು ಅಮೀರನಲ್ಲ, ಇನ್ನು ತಾನೇ ಅಮೀರ ಎಂದು ಸಾರಿ, ಗಡ್ಡ ಉಳಿದ ಹತ್ತಾರು ಜನರನ್ನು ಕಟ್ಟಿಕೊಂಡು ಪಿಕಪ್ ಹತ್ತಿ ಹೋದ. ಹಳೆಯ ಅಮೀರ ಇನ್ನೊಂದು ದಾರಿಯಲ್ಲಿ ಹೊರಟನಂತೆ. ಗುಡ್ಡದ ತಿರುವಿನಲ್ಲಿ ಅವನದೇ ಕಾವಲಿನವರು ಕೋಲಿನಿಂದ ಗಲ್ಲ ಅಳೆದು, ಗಡ್ಡವಿಲ್ಲದ ತಪ್ಪಿಗೆ ಹಿಡಿದು ಕೂರಿಸಿದರಂತೆ. ನಾನೇ ನಿಮ್ಮ ಅಮೀರ ಎಂದರೆ ಅವರು ನಂಬಲಿಲ್ಲವಂತೆ. ಮುಂದೇನಾಯಿತೋ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಾದಾಪೀರನನ್ನು ಅವತ್ತೇ ಬಿಡಿಸಿದೆವು. ಅವನು ಸಿಳ್ಳೆ ಹಾಕುತ್ತ ಬಂದು ಜನರೇಟರ್ ಆರಿಸಿದ.

ಮಾರನೆಯ ಬೆಳಿಗ್ಗೆ ನಮ್ಮವರು ಎಂದಿನಂತೆ ಮಣೆಯ ಮೇಲೆ ಕೂತರು. ವಿಚಾರಣೆಯ ದಿನ ಕೊಯ್ದುಕೊಂಡ ಗಾಯಗಳು ಇನ್ನೂ ಹಸಿಯಾಗಿದ್ದವು. ಅವುಗಳ ಸುತ್ತ ಮೆಲ್ಲಗೆ ಸೋಪು ಹಚ್ಚಿದೆ. ಕತ್ತಿ ಸಾಣೆ ಹಿಡಿಯುತ್ತ ಸುದ್ದಿ ತೆಗೆದೆ. ಉಜೈರ್ ಗುಡ್ಡದಾಚೆ ಮತ್ತೆ ಜನ ಕೂಡಿಸುತ್ತಾನಂತೆ, ಗಡ್ಡ ಮೊದಲಿನಷ್ಟೇ ಬೆಳೆಯಲೆಂದು ಹೋಗುವಾಗ ಪಿಕಪ್ಪಿನಲ್ಲಿ ನಮ್ಮೂರಿನ ನೀರು ತುಂಬಿಕೊಂಡು ಹೋದನಂತೆ ಎಂದೆ. ಆಗ ನಮ್ಮವರು ಮದುವೆಯಾದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕೆನ್ನೆಯ ತುಂಬ ಸೋಪು ಇರುವಾಗಲೇ ಬಾಯಿ ಬಿಟ್ಟರು.

"ನನಗೂ ಕತ್ತಿ ಹಿಡಿಯೂದು ಕಲಿಸು, ಜೈತುನ. ಇನ್ನೊಮ್ಮೆ ಅವರು ಬಂದು ಯಾರು ಬೋಳಿಸಿದ್ರು ಅಂತ ಕೇಳಿದ್ರ, ನಾನ ಅನ್ನೂದು ಸುಳ್ಳಾಗಬಾರದು."

ಸೋಪು ಹಚ್ಚಿದ ಮೇಲೆ ಮಾತಾಡಬಾರದೆಂದು ಗದರಬೇಕಿತ್ತು. ನೊರೆ ಒಣಗುವವರೆಗೂ ನಾನು ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದೆ.